ವಾಟರ್ಟನ್ನನ ಓಕ್ ಮರಗಳು

ಇಂಗ್ಲೆಂಡಿನಲ್ಲಿ ಒಂದಿಷ್ಟು ನೆಲವುಳ್ಳವರು ಹಕ್ಕಿಪಕ್ಷಿಗಳ ಹಿತಕ್ಕಾಗಿ ಆ ನಾಡಿನದೇ ಆದ ಓಕ್ ಸಸಿಯನ್ನು ನೆಡುವುದು ಇಂದು ಸಾಮಾನ್ಯವಾದ ಸಂಗತಿ. ಓಕ್ ನಮ್ಮ ಸಹ್ಯಾದ್ರಿಯ ಮರವಲ್ಲ. ಹಿಮಾಲಯದ ತಪ್ಪಲಲ್ಲಿ ಅದರ ದಾಯಾದಿಗಳುಂಟು. ಕನ್ನಡ ನಾಡಿನಲ್ಲಿ ಇಲ್ಲ. ಆದುದರಿಂದ ಅದರ ಕಾಯಿಗೆ ಕನ್ನಡದಲ್ಲಿ ಹೆಸರೂ ಇಲ್ಲ. ಪುಟ್ಟ ಬಟ್ಟಲಿನಲ್ಲಿ ಕುಳ್ಳಿರಿಸಿದ ಅಡಕೆಯಂತೆ ಕಾಣುವ ಆ ಕಾಯಿಯನ್ನು ನಾನು ಇಲ್ಲಿ ಓಕಿನ ಕಾಯಿಯೆಂದೇ ಕರೆಯುತ್ತೇನೆ. ಬ್ರಿಟನ್ನಿನ ಸ್ವಂತ ಓಕುಗಳು ಎರಡೇ ಬಗೆ. ಇವೆರಡನ್ನು ಆಶ್ರಯಿಸಿದ ಜೀವಿಗಳನ್ನು ಅಲ್ಲಿನ ಸಂಶೋಧಕರು 2019ರಲ್ಲಿ ಎಣಿಸಿದಾಗ ಸುಮಾರು 2,300 ಜಾತಿಗಳು ಲೆಕ್ಕಕ್ಕೆ ಸಿಕ್ಕಿದವು. ಅವುಗಳಲ್ಲಿ 38 ಪಕ್ಷಿಜಾತಿಗಳು, 716 ಬಗೆಯ ಕಲ್ಲುಹೂಗಳು. ಹುಳುಹುಪ್ಪಟೆಗಳೇ ಸಾವಿರಕ್ಕೆ ಮಿಕ್ಕು. 326 ಜಾತಿಗಳಿಗಂತೂ ಓಕನ್ನು ಬಿಟ್ಟರೆ ಬೇರೆ ಗತಿಯೇ ಇಲ್ಲ.

ಇಂಥ ಮರವನ್ನು ಆ ದೇಶದ ದೊಡ್ಡವರು ಹಿಂದೆ ಬೇರೆಯ ಕಣ್ಣಿನಿಂದ ನೋಡುತ್ತಿದ್ದರು. ನೆಪೋಲಿಯನ್ನನೊಡನೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಒಂದು ಸಮರನೌಕೆಗೆ ಎರಡು ಸಾವಿರದಷ್ಟು ಓಕ್ ಮರಗಳು ಬೇಕಾಗುತ್ತಿದ್ದವಂತೆ. ನೌಕಾಸೇನಾನಿ ಕಾಲಿಂಗ್‌ವುಡ್ ರಜೆಯಲ್ಲಿ ಊರಿಗೆ ಬಂದಾಗ ಕಿಸೆಯ ತುಂಬ ಓಕಿನ ಕಾಯಿ ತುಂಬಿಕೊಂಡು ತಿರುಗಾಡಲು ಹೊರಡುತ್ತಿದ್ದನು. ಒಳ್ಳೆಯ ಮಣ್ಣು ಕಂಡಲ್ಲಿ ಒಂದೊಂದನ್ನು ಊರುತ್ತಿದ್ದನು. ಮುಂದಿನ ಪೀಳಿಗೆಯ ಹಡಗುಗಳಿಗೆ ಮರದ ಕೊರತೆಯಾಗಬಾರದೆಂಬುದು ಅವನ ಚಿಂತೆ. ಆ ಮರಗಳು ಕೊಡಲಿಗೆ ಸಿದ್ಧವಾಗುವ ಹೊತ್ತಿಗೆ ಹಡಗುಗಳನ್ನು ಕಬ್ಬಿಣದಿಂದ ಕಟ್ಟುತ್ತಿದ್ದರು. ಓಕ್ ಅಷ್ಟು ನಿಧಾನಿ. ಮೊದಲ ಕಾಯಿ ಕಾಣಬೇಕಾದರೆ ನಲವತ್ತು ವರ್ಷ, ಪೊಟರೆ ಬೀಳಬೇಕಾದರೆ ಶತಮಾನಗಳು.

ಆ ಪೊಟರೆಗಾಗಿಯೇ ಮರವನ್ನು ಉಳಿಸಿದ ಒಬ್ಬ ಜಮೀನುದಾರನ ಬಾಳು ನನ್ನ ಇಂದಿನ ವಸ್ತು. ಚಾರ್ಲ್ಸ್ ವಾಟರ್ಟನ್ 1782ರ ಜೂನ್ 3ರಂದು ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಪಟ್ಟಣದ ಸಮೀಪದ ವಾಲ್ಟನ್ ಹಾಲ್ ಎಂಬ ಮನೆಯಲ್ಲಿ ಹುಟ್ಟಿದನು. ಸರೋವರದ ನಡುವಣ ನಡುಗಡ್ಡೆಯಲ್ಲಿ ನಿಂತ ಮನೆ ಅದು. ವಂಶ ಪುರಾತನವಾದುದು, ಕ್ಯಾಥೊಲಿಕ್ ಮತದ್ದು. ಆ ಮತದವರಿಗೆ ಅಂದಿನ ಇಂಗ್ಲೆಂಡಿನಲ್ಲಿ ಅಧಿಕಾರ ಪದವಿಗಳ ಬಾಗಿಲು ಮುಚ್ಚಿತ್ತು. ಸರಕಾರದ ಸೇವೆಯ ಆಸೆಯಿಲ್ಲದ ಹುಡುಗ ಗೂಡು ಹುಡುಕುತ್ತ ಮರ ಹತ್ತಿದನು. ಸ್ಟೋನಿಹರ್ಸ್ಟಿನ ಜೆಸ್ಯೂಟ್ ಗುರುಗಳು ಜಾಣರು. ಹುಡುಗನ ಈ ಹುಚ್ಚನ್ನು ಬೆತ್ತದಿಂದ ಬಿಡಿಸಲಾಗದೆಂದು ಕಂಡುಕೊಂಡು, ಶಾಲೆಯ ಇಲಿ ಹಿಡಿಯುವ ಕೆಲಸವನ್ನು ಅವನಿಗೇ ಒಪ್ಪಿಸಿದರು. ಉಪಾಧ್ಯಾಯ ವೃತ್ತಿಯಲ್ಲಿರುವ ನನಗೆ ಅವರ ಈ ವಿವೇಕ ಬಹಳ ಹಿಡಿಸಿತು.

1804ರಲ್ಲಿ ಅವನು ದಕ್ಷಿಣ ಅಮೆರಿಕದ ಗಯಾನಾಕ್ಕೆ ಹೋಗಿ, ಬಂಧುಗಳ ತೋಟಗಳ ಮೇಲ್ವಿಚಾರಣೆ ವಹಿಸಿಕೊಂಡನು. ಆ ತೋಟಗಳು ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದವು. ಗುಲಾಮಗಿರಿಯನ್ನು ಸಮರ್ಥಿಸಲಾಗದೆಂದು ಮುಂದೆ ತನ್ನ ಪುಸ್ತಕದಲ್ಲಿ ಬರೆದನು, ನಿಜ. ಆದರೂ ಎಂಟು ವರ್ಷ ಅದರ ಲೆಕ್ಕ ನೋಡಿದವನೂ ಅವನೇ. ಹಕ್ಕಿಗೆ ಮರುಗಿದವನ ಚರಿತ್ರೆಯಲ್ಲಿ ಈ ಪುಟವನ್ನು ಹಾರಿಸಿ ಓದಲು ನನ್ನ ಮನಸ್ಸು ಒಪ್ಪುವುದಿಲ್ಲ. 1812ರಿಂದ 1824ರವರೆಗೆ ಅವನು ನಾಲ್ಕು ಯಾತ್ರೆಗಳನ್ನು ಕೈಗೊಂಡು, ಕಾಡಿನಲ್ಲಿ ಬರಿಗಾಲಿನಲ್ಲಿ ಅಲೆದನು. 1825ರಲ್ಲಿ ಪ್ರಕಟವಾದ ಅವನ ಪ್ರವಾಸಕಥನ ಅವನಿಗೆ ದೊಡ್ಡ ಹೆಸರು ತಂದಿತು. ಮೊಸಳೆಯ ಬೆನ್ನೇರಿದ ಸಾಹಸವನ್ನೇ ಜನ ಮತ್ತೆ ಮತ್ತೆ ಹೇಳುತ್ತ ಬಂದರು. ವಿಚಿತ್ರ ಮನುಷ್ಯನೆಂಬ ಹಣೆಪಟ್ಟಿ ಅವನಿಗೆ ಅಂಟಿದುದು ಹಾಗೆ. ಅಲ್ಲಿ ಅವನು ಜಾನ್ ಎಡ್ಮನ್‌ಸ್ಟನ್ ಎಂಬ ಗುಲಾಮನಿಗೆ ಸತ್ತ ಹಕ್ಕಿಯ ಚರ್ಮವನ್ನು ಕೆಡದಂತೆ ಇಡುವ ವಿದ್ಯೆಯನ್ನು ಕಲಿಸಿದ್ದನು. ಬಿಡುಗಡೆ ಹೊಂದಿದ ಆ ಜಾನ್ ಎಡಿನ್‌ಬರೊದಲ್ಲಿ ಅದೇ ವಿದ್ಯೆಯನ್ನು ಕಲಿಸಿದ ವಿದ್ಯಾರ್ಥಿಗಳಲ್ಲಿ ತರುಣ ಚಾರ್ಲ್ಸ್ ಡಾರ್ವಿನ್ ಒಬ್ಬನು.

ಮೊಸಳೆಯ ಕಥೆಗಿಂತ ಊರಿಗೆ ಮರಳಿ ಅವನು ಮಾಡಿದುದು ದೊಡ್ಡದೆಂದು ನನ್ನ ಎಣಿಕೆ. ಅಂದಿನ ಇಂಗ್ಲಿಷ್ ಜಮೀನುದಾರನಿಗೆ ತೋಪೆಂದರೆ ಬೇಟೆಯ ಬಯಲು. ಅವನ ಕಾವಲುಗಾರರು ಬೇಟೆಗೆಂದು ಸಾಕಿದ ಹಕ್ಕಿಗಳ ಮೊಟ್ಟೆಮರಿಗಳನ್ನು ಉಳಿಸುವ ನೆಪದಲ್ಲಿ ಗೂಬೆ, ಗಿಡುಗ, ಕಾಗೆ, ಮುಂಗುಸಿಯನ್ನು ಹೋಲುವ ಪುಟ್ಟ ಮೃಗಗಳು, ಎಲ್ಲವನ್ನೂ ಕೊಂದು ಬೇಲಿಗೆ ನೇತುಹಾಕುತ್ತಿದ್ದರು. ವಾಟರ್ಟನ್ 1821ರ ಹೊತ್ತಿಗೆ ತನ್ನ ತೋಪಿನ ಸುತ್ತ ಗೋಡೆ ಕಟ್ಟಿಸಲು ತೊಡಗಿದನು. ಮೂರು ಮೈಲಿ ಸುತ್ತಳತೆ. ಎಲ್ಲಿಯೂ ಎಂಟು ಅಡಿಗೆ ಕಡಮೆಯಿಲ್ಲದ ಎತ್ತರ, ಕೆಲವೆಡೆ ಅದರ ಇಮ್ಮಡಿ. ಐದು ವರ್ಷ ಹಿಡಿಯಿತು, ಒಂಬತ್ತು ಸಾವಿರ ಪೌಂಡು ಮುಗಿಯಿತು. ಕುಡಿಯದೆ ಬಿಟ್ಟ ದ್ರಾಕ್ಷಾರಸದ ದುಡ್ಡಿನಿಂದ ಕಟ್ಟಿಸಿದೆನೆಂದು ಅವನು ಹೇಳಿಕೊಳ್ಳುತ್ತಿದ್ದನು. ಗೋಡೆಯ ಒಳಗೆ ಕೋವಿಯ ಸದ್ದು ಆಗಕೂಡದು. ಹಕ್ಕಿ ನೆರೆಯುವ ಕಾಲದಲ್ಲಿ ಸರೋವರದ ಮೇಲೆ ದೋಣಿಯೂ ಚಲಿಸಕೂಡದು. ವನ್ಯಜೀವಿಗಳಿಗೆಂದೇ ಮೀಸಲಿಟ್ಟು ಕಾಪಾಡಿದ ನೆಲಗಳಲ್ಲಿ ಇದನ್ನೇ ಮೊದಲನೆಯದೆಂದು ಹಲವರು ಎಣಿಸುತ್ತಾರೆ. ನಮ್ಮ ಮೈಸೂರು ಸಂಸ್ಥಾನದಲ್ಲಿ ರಂಗನತಿಟ್ಟಿಗೆ ಇಂಥ ರಕ್ಷಣೆ ದೊರೆತದ್ದು 1940ರಲ್ಲಿ.

ಗೂಬೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಗೂಬೆ ಕೂಗಿದರೆ ಕೇಡೆಂಬ ನಂಬಿಕೆ ನಮ್ಮಲ್ಲಿ ಮಾತ್ರವೆಂದು ತಿಳಿಯಬೇಕಾಗಿಲ್ಲ. ವಾಲ್ಟನ್ ಹಾಲಿನ ಹಿಂದಿನ ಮನೆವಾರ್ತೆಯ ಮುದುಕಿಯೂ ಹಾಗೆಯೇ ನಂಬಿದ್ದಳು. ಗೂಬೆಗಳಿಗೆ ಅಲ್ಲಿ ಉಳಿಗಾಲವಿರಲಿಲ್ಲ. ವಾಟರ್ಟನ್ 1813ರಲ್ಲಿ, ಐವಿ ಬಳ್ಳಿ ಹಬ್ಬಿದ ಹಳೆಯ ಹೆಬ್ಬಾಗಿಲ ಪಾಳಿನ ಮೇಲೆ ಕಲ್ಲುಗಾರೆಯಿಂದ ಒಂದು ಗೂಬೆಮನೆ ಕಟ್ಟಿಸಿದನು. ಗೂಬೆಯ ಮೈಮುಟ್ಟಿದರೆ ಕತ್ತು ಹಿಸುಕುವೆನೆಂದು ಕಾವಲುಗಾರನಿಗೆ ಬೆದರಿಕೆ ಹಾಕಿದನು. ತಿಂಗಳೊಪ್ಪತ್ತಿನಲ್ಲಿ ಒಂದು ಜೋಡಿ ಬಂದು ಸಂಸಾರ ಹೂಡಿತು. ಮರಿಗಳಿರುವಾಗ ತಾಯಿತಂದೆಗಳು ಹನ್ನೆರಡು ಹದಿನೈದು ನಿಮಿಷಕ್ಕೊಂದು ಇಲಿಯನ್ನು ತರುವುದನ್ನು ಅವನು ಕುಳಿತು ನೋಡಿದನು. ಗೂಬೆ ಕಕ್ಕಿದ ಉಂಡೆಗಳನ್ನು ಬಿಡಿಸಿ ಇಲಿಯ ಎಲುಬುಗಳನ್ನು ಎಣಿಸಿದನು. ರೈತನ ಕಣಜಕ್ಕೆ ಗೂಬೆ ಮಾಡುವ ಉಪಕಾರವನ್ನು ಲೆಕ್ಕವಿಟ್ಟು ತೋರಿಸಿದ ಮೇಲೆ ಅಪಶಕುನದ ಮಾತಿಗೆ ಎಡೆಯಿರಲಿಲ್ಲ.

ಮರಗಳ ವಿಷಯದಲ್ಲಿಯೂ ಅವನ ರೀತಿ ಇಂಥದೇ. ಒಳಗು ಕೊಳೆತು ಟೊಳ್ಳಾದ ಓಕು ಮರದ ವ್ಯಾಪಾರಿಗೆ ಕಾಸಿನ ಬೆಲೆಯದ್ದಲ್ಲ. ಸೌದೆಗೆ ಕಡಿಯುವುದೇ ಲೋಕರೂಢಿ. ವಾಟರ್ಟನ್ ಅಂಥ ಮುದಿಮರಗಳನ್ನೇ ನಿಲ್ಲಗೊಟ್ಟನು. ಮರಕುಟಿಕವು ಮರವನ್ನು ಕೆಡಿಸುತ್ತದೆಂಬ ಆರೋಪಕ್ಕೆ ಅವನ ಉತ್ತರ ಸರಳವಾಗಿತ್ತು: ಆ ಹಕ್ಕಿ ಕೊರೆಯುವುದು ಮೊದಲೇ ಕೊಳೆತ ಭಾಗವನ್ನು, ಗಟ್ಟಿಮರದ ಗೊಡವೆ ಅದಕ್ಕಿಲ್ಲ. ಮರಕುಟಿಕ ಬಿಟ್ಟುಹೋದ ತೂತಿಗೆ ಚಿಕ್ಕ ಹಕ್ಕಿ ಬರುತ್ತದೆ, ತೂತು ಅಗಲವಾದರೆ ಗೂಬೆ ಬರುತ್ತದೆ. ನಾಗವರ್ಮನ ಕರ್ಣಾಟಕ ಕಾದಂಬರಿಯನ್ನು ಓದಿದವರಿಗೆ ಗಿಳಿಗಳು ಮನೆಮಾಡಿಕೊಂಡ ಆ ಹಳೆಯ ಬೂರುಗದ ಮರ ನೆನಪಾಗದಿರದು. ಮುಪ್ಪಿನ ಶಬರನೊಬ್ಬನು ಅದನ್ನೇರಿ ಪೊಟರೆಪೊಟರೆಗೆ ಕೈಯಿಕ್ಕಿ ಗಿಳಿಗಳ ಕೊರಳು ಮುರಿಯುವ ಪ್ರಸಂಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಈ ಯಾರ್ಕ್‌ಷೈರಿನವನ ನೆನಪು ಬರುತ್ತದೆ. ಇವನೂ ಎಂಬತ್ತರ ಮುಪ್ಪಿನಲ್ಲಿ ಬರಿಗಾಲಿನಿಂದ ಮರ ಹತ್ತಿ ಗೂಡಿಗೆ ಇಣುಕುತ್ತಿದ್ದನು. ನೋಡಿ ಇಳಿದುಬರುತ್ತಿದ್ದನು, ಅಷ್ಟೆ.

ಪೊಟರೆ ಸಾಲದಾದಾಗ ಅವನು ಕೈಯಾರೆ ಒದಗಿಸಿದನು. ಗೊರವಂಕದ ಬಳಗದ ಸ್ಟಾರ್ಲಿಂಗ್ ಹಕ್ಕಿಗಳಿಗೆ ತೂತುಗಳ ಗೋಪುರ ಕಟ್ಟಿಸಿದನು. ದಂಡೆಯ ಮಣ್ಣಿನಲ್ಲಿ ಬಿಲ ಕೊರೆದು ಬಾಳುವ ಅಂಬರಗುಬ್ಬಿಗಳಿಗೆ ಗೋಡೆಯಲ್ಲಿ ಸಾಲುಸಾಲಾಗಿ ಕೊಳವೆಗಳನ್ನು ಇಡಿಸಿದನು. ಚಳಿಗಾಲದಲ್ಲಿಯೂ ಎಲೆ ಉದುರಿಸದ ಹಾಲಿ ಗಿಡಗಳನ್ನು ನೆಡಿಸಿ ಹಕ್ಕಿಗಳಿಗೆ ಮರೆ ಮಾಡಿದನು. ಒಮ್ಮೆ ಪಾಳುಬಿದ್ದ ಬೀಸುವ ಕಲ್ಲಿನ ನಡುದೂತಿನಿಂದ ಹೇಸಲ್ ಗಿಡವೊಂದು ತಲೆಯೆತ್ತಿದುದನ್ನು ಕಂಡು ಅದಕ್ಕೆ ಬೇಲಿ ಕಟ್ಟಿಸಿದನು. ವರ್ಷಗಳು ಕಳೆದಂತೆ ಕಾಂಡ ದಪ್ಪವಾಗಿ ಕಲ್ಲನ್ನೇ ನೆಲದಿಂದ ಮೇಲಕ್ಕೆತ್ತಿತು. ರಾಷ್ಟ್ರಸಾಲವನ್ನು ಕೊರಳಿಗೆ ಕಟ್ಟಿಕೊಂಡ ಇಂಗ್ಲಿಷ್ ಪ್ರಜೆಯೇ ಈ ಗಿಡವೆಂದು ಬಂದವರಿಗೆ ತೋರಿಸಿ ನಗುತ್ತಿದ್ದನು.

ಓಕನ್ನು ನೆಡುವ ಕೆಲಸದಲ್ಲಿ ಮನುಷ್ಯನಿಗಿಂತ ಹಳೆಯ ಕೈ ಒಂದಿದೆ. ಕಾಗೆಯ ಕುಲದ, ರೆಕ್ಕೆಯಲ್ಲಿ ನೀಲಿಯ ಮಿಂಚುಳ್ಳ ಜೇ ಎಂಬ ಹಕ್ಕಿ ಶರತ್ಕಾಲದಲ್ಲಿ ಸಾವಿರಾರು ಓಕಿನ ಕಾಯಿಗಳನ್ನು ಗಂಟಲಲ್ಲಿ ತುಂಬಿಕೊಂಡು ಹೋಗಿ, ಚಳಿಗಾಲದ ಬುತ್ತಿಗೆಂದು ಒಂದೊಂದಾಗಿ ನೆಲದಲ್ಲಿ ಹುದುಗಿಸುತ್ತದೆ. ತಿನ್ನದೆ ಉಳಿದವು ಮೊಳೆಯುತ್ತವೆ. ಕಾಯಿ ಭಾರವಾದುದು, ತಾಯಿಮರದ ನೆರಳಿನಲ್ಲಿಯೇ ಉದುರಿದರೆ ಬೆಳಕಿಲ್ಲದೆ ಸೊರಗುತ್ತದೆ. ಅದನ್ನು ದೂರದ ಬಯಲಿಗೆ ಮುಟ್ಟಿಸುವುದರಲ್ಲಿ ಜೇ ಹಕ್ಕಿಯ ಪಾಲು ದೊಡ್ಡದು. ಮೊಟ್ಟೆಗಳ್ಳನೆಂದು ನೆರೆಯ ಜಮೀನುಗಳಲ್ಲಿ ಕೋವಿಗೆ ಈಡಾಗುತ್ತಿದ್ದ ಆ ಹಕ್ಕಿ ವಾಟರ್ಟನ್ನನ ಗೋಡೆಯ ಒಳಗೆ ನಿರ್ಭಯವಾಗಿ ಹಾರಾಡಿಕೊಂಡಿತ್ತು. ಕಾಯಿ ಊರುವ ಹಕ್ಕಿಯೂ ಟೊಳ್ಳಾದ ಮುದಿಮರವೂ ಒಂದೇ ತೋಪಿನಲ್ಲಿ ಇದ್ದುದು ಅಲ್ಲಿನ ವಿಶೇಷ. ಹೊಸ ಸಸಿಗಳನ್ನು ನೆಟ್ಟವರು ಇಂಗ್ಲೆಂಡಿನಲ್ಲಿ ಬೇಕಾದಷ್ಟು ಮಂದಿಯಿದ್ದರು. ಮರದ ಆಯುಸ್ಸಿನ ಎರಡು ತುದಿಗಳನ್ನೂ ಕಾದವರು ವಿರಳ.

ಅವನ ಸ್ವಂತ ಬಾಳಿನ ಸುಖ ಅಲ್ಪಕಾಲದ್ದು. 1829ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ, ಹದಿನೇಳು ವರ್ಷದ ಆ್ಯನ್ ಎಡ್ಮನ್‌ಸ್ಟನ್ನಳನ್ನು ಮದುವೆಯಾದನು. ಆಕೆಯ ಅಜ್ಜಿ ಗಯಾನಾದ ಅರವಾಕ್ ಬುಡಕಟ್ಟಿನವಳು. ಮರುವರ್ಷ ಗಂಡುಮಗುವನ್ನು ಹೆತ್ತು ಆಕೆ ತೀರಿಕೊಂಡಳು. ಅಂದಿನಿಂದ ಅವನು ಹಾಸಿಗೆಯಲ್ಲಿ ಮಲಗಲಿಲ್ಲ. ಬರಿನೆಲವೇ ಶಯ್ಯೆ, ಮರದ ತುಂಡೇ ದಿಂಬು. ಬೆಳಗಿನ ಜಾವಕ್ಕೆ ಮುಂಚೆ ಎದ್ದು ಪ್ರಾರ್ಥನೆ. ಇದನ್ನೂ ಜನ ವೈಚಿತ್ರ್ಯದ ಪಟ್ಟಿಗೆ ಸೇರಿಸಿದರು. ವಿರಕ್ತರನ್ನು ಕಂಡು ಬಲ್ಲ ನಮ್ಮವರಿಗೆ ಅದರಲ್ಲಿ ವೈಚಿತ್ರ್ಯವೇನೂ ತೋರಲಾರದು.

ಕೋವಿಯನ್ನು ತಡೆದ ಗೋಡೆ ಹೊಗೆಯನ್ನು ತಡೆಯಲಾರದಾಯಿತು. ಗೋಡೆಯ ಹೊರಗೆ, ಕಾಲುವೆಯ ಬಳಿ, ಒಂದು ಸಾಬೂನು ಕಾರ್ಖಾನೆ ಎದ್ದಿತು. ಅದರ ಹೊಗೆಯಿಂದ ಮರಗಳು ಸುಟ್ಟವು. ಕೊಳಕಿನಿಂದ ನೀರು ಕೆಟ್ಟಿತು. 1840ರ ದಶಕದಲ್ಲಿ ವಾಟರ್ಟನ್ ವರ್ಷಗಟ್ಟಲೆ ವ್ಯಾಜ್ಯ ನಡೆಸಿದನು. ಕೊನೆಗೆ ಕಾರ್ಖಾನೆ ದೂರ ಸರಿಯಿತಾದರೂ ಸತ್ತ ಓಕುಗಳು ತಿರುಗಿ ಚಿಗುರಲಿಲ್ಲ. ಹೀಗಿದ್ದರೂ ಅವನು ತೋಪನ್ನು ತನ್ನೊಬ್ಬನಿಗೇ ಬಚ್ಚಿಟ್ಟುಕೊಳ್ಳಲಿಲ್ಲ. ಪಟ್ಟಣದ ಕೂಲಿಕಾರರೂ ಶಾಲೆಯ ಮಕ್ಕಳೂ ಬಂದು ದಿನ ಕಳೆದು ಹೋಗುತ್ತಿದ್ದರು. ವೇಕ್‌ಫೀಲ್ಡಿನ ಮಾನಸಿಕ ಆಸ್ಪತ್ರೆಯ ರೋಗಿಗಳನ್ನೂ ಕರೆಸಿಕೊಂಡು, ಸರೋವರದ ಹಕ್ಕಿಗಳನ್ನು ದೂರದರ್ಶಕದಲ್ಲಿ ತೋರಿಸುತ್ತಿದ್ದನು.

1865ರ ಮೇ 25ರಂದು ತೋಪಿನ ತುದಿಯಲ್ಲಿ ಅವನು ಎಡವಿ ಮರದ ದಿಮ್ಮಿಯ ಮೇಲೆ ಬಿದ್ದನು. ಒಳಪೆಟ್ಟು ಬಲವಾಗಿತ್ತು, ಎರಡು ದಿನಗಳಲ್ಲಿ ಪ್ರಾಣ ಹೋಯಿತು. ಜೂನ್ 3ರಂದು, ಅವನು ಬದುಕಿದ್ದರೆ ಎಂಬತ್ತಮೂರು ತುಂಬುತ್ತಿದ್ದ ದಿನ, ಶವವನ್ನು ದೋಣಿಯಲ್ಲಿಟ್ಟು ಸರೋವರ ದಾಟಿಸಿದರು. ಪಾದ್ರಿಗಳು ಮುಂದಿನ ದೋಣಿಗಳಲ್ಲಿ ಸ್ತೋತ್ರ ಹಾಡುತ್ತ ಸಾಗಿದರು. ಆಚೆದಡದಲ್ಲಿ, ಬಹುಕಾಲದ ಹಿಂದೆಯೇ ಅವನು ಗೊತ್ತುಮಾಡಿಕೊಂಡಿದ್ದ ಜಾಗದಲ್ಲಿ, ಎರಡು ಓಕ್ ಮರಗಳ ನಡುವೆ ಅವನನ್ನು ಮಣ್ಣುಮಾಡಿದರು.

ಮಗ ಎಡ್ಮಂಡನಿಗೆ ಹಕ್ಕಿಗಳಲ್ಲಿ ಒಲವಿರಲಿಲ್ಲ. ಬಿರುದುಬಾವಲಿಗಳಲ್ಲಿತ್ತು, ಮೈತುಂಬ ಸಾಲವಿತ್ತು. ನಲವತ್ತು ವರ್ಷ ಕೋವಿಯ ಸದ್ದು ಕೇಳದ ತೋಪಿನಲ್ಲಿ ಬೇಟೆಗೆ ಅಪ್ಪಣೆಯಾಯಿತು. ಮರಗಳು ಕಡಿದು ಮಾರಾಟವಾದವು. 1870ರ ದಶಕದಲ್ಲಿ ಜಮೀನೇ ಕೈಬಿಟ್ಟಿತು. ಕೊಂಡವರು ಆ ಸಾಬೂನು ಕಾರ್ಖಾನೆಯ ಸಿಂಪ್ಸನ್ ಮನೆತನದವರು. ನೂರಾರು ವರ್ಷಗಳ ಮರಕ್ಕೆ ಒಬ್ಬನೇ ಮನುಷ್ಯನ ಜೀವಮಾನದ ಕಾವಲು! ಗೋಡೆಯ ಜತೆಗೆ ಒಂದು ಕಾಯಿದೆಯೂ ಬೇಕಾಗಿತ್ತೆಂದು ನನಗನ್ನಿಸುತ್ತದೆ. ಆದರೆ ಅವನ ಕಾಲದಲ್ಲಿ ಅಂಥ ಕಾಯಿದೆ ಇರಲಿಲ್ಲ. ಕಡಲಹಕ್ಕಿಗಳ ರಕ್ಷಣೆಗೆ ಪಾರ್ಲಿಮೆಂಟು ಮೊದಲ ಶಾಸನ ಮಾಡಿದುದು 1869ರಲ್ಲಿ, ಅವನು ಸತ್ತ ನಾಲ್ಕು ವರ್ಷಕ್ಕೆ. ಅದಕ್ಕೆ ಪ್ರೇರಣೆಯಾದದ್ದು ಅವನದೇ ಯಾರ್ಕ್‌ಷೈರಿನ ಫ್ಲಾಂಬರೊ ಕಡಲತಡಿಯ ಬಂಡೆಗಳಲ್ಲಿ ನಡೆಯುತ್ತಿದ್ದ ಹಕ್ಕಿಗಳ ಕೊಲೆ. ಆ ಬಂಡೆಗಳಲ್ಲಿ ಅವನು ಹಗ್ಗ ಹಿಡಿದು ಇಳಿದು ಗೂಡುಗಳನ್ನು ನೋಡಿ ಬಂದಿದ್ದನು.

ವಾಲ್ಟನ್ ಹಾಲ್ ಈಗ ಹೋಟೆಲು. ತೋಪಿನಲ್ಲಿ ಗಾಲ್ಫ್ ಆಡುತ್ತಾರೆ. ಅವನು ಕೆಡದಂತೆ ಸಿದ್ಧಪಡಿಸಿದ ಹಕ್ಕಿಗಳು ವೇಕ್‌ಫೀಲ್ಡಿನ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಲ್ಲಿವೆ. ಗೋಡೆ ಬಹಳಷ್ಟು ಕಡೆ ಕುಸಿದಿದ್ದು, ಕೆಲವು ಭಾಗಗಳು ಮಾತ್ರ ಇನ್ನೂ ನಿಂತಿವೆ.