ಶಂಭುನಾಥ ದೇ: ಕಾಲರಾದ ವಿಷ ಹಿಡಿದ ಡಾಕ್ಟರ್

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದವರಿಗೆ ವಾಂತಿ-ಭೇದಿ ಶುರುವಾಗಿ, ಕೆಲವರು ಜೀವವನ್ನೇ ಕಳೆದುಕೊಂಡರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಗೆಳೆಯರಿಗೂ ಆ ಸುದ್ದಿ ನೆನಪಿರುತ್ತೆ. ನೀರಲ್ಲಿರೋ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಒಬ್ಬ ಮನುಷ್ಯನ ಮೈಯಲ್ಲಿರೋ ನೀರನ್ನೆಲ್ಲ ಹೇಗೆ ಹೊರಗೆ ಹಾಕಿಸುತ್ತೆ? ಕಾಲರಾ ವಿಷಯದಲ್ಲಿ ಇದಕ್ಕೆ ಉತ್ತರ ಕೊಟ್ಟವರು ನಮ್ಮ ದೇಶದ ಒಬ್ಬ ಡಾಕ್ಟರ್. ಹೆಸರು ಶಂಭುನಾಥ ದೇ.

ದೇ ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ. ಸ್ಕಾಲರ್‌ಶಿಪ್ ನಂಬಿಕೊಂಡೇ ಓದಿ ಕಲ್ಕತ್ತಾ ಮೆಡಿಕಲ್ ಕಾಲೇಜು ಸೇರಿದರು. 1939ರಲ್ಲಿ ಡಾಕ್ಟರ್ ಆದರು. 1947ರಲ್ಲಿ ಲಂಡನ್‌ಗೆ ಹೋಗಿ, ರಾಯ್ ಕ್ಯಾಮರಾನ್ ಅವರ ಹತ್ತಿರ ಪಿಎಚ್‌ಡಿ ಮಾಡಿ, 1949ರಲ್ಲಿ ವಾಪಸ್ ಬಂದರು. ಅಲ್ಲೇ ಉಳಿಯಲಿಲ್ಲ. ಕಾಲರಾ ಇದ್ದದ್ದು ಕಲ್ಕತ್ತಾದಲ್ಲಿ, ಅವರಿಗೆ ಕೆಲಸ ಇದ್ದದ್ದೂ ಅಲ್ಲೇ.

ಕಾಲರಾ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1884ರಲ್ಲೇ ಗುರುತಿಸಿ ಆಗಿತ್ತು. ಅದು ಏನೋ ವಿಷ ಬಿಡುತ್ತೆ ಅನ್ನೋ ಊಹೆಯೂ ಇತ್ತು. ಆದರೆ ಪ್ರಾಣಿಗಳ ರಕ್ತಕ್ಕೆ, ಹೊಟ್ಟೆಯ ಪೊರೆಯೊಳಗೆ ಚುಚ್ಚಿ ನೋಡಿದವರಿಗೆ ನಿಜವಾದ ಕಾಲರಾ ಕಾಣಿಸಲೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇನ್‌ಪುಟ್ ಕೊಡ್ತಿದ್ದ ಜಾಗವೇ ತಪ್ಪು!

ಕಾಲರಾ ಕರುಳಿನ ರೋಗ ಅಂದಮೇಲೆ ಕರುಳಿನೊಳಗೇ ನೋಡಬೇಕು ಅಂತ ದೇ ಯೋಚಿಸಿದರು. ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಗೆ ಬ್ಯಾಕ್ಟೀರಿಯಾ ಬಿಟ್ಟರು. ಮಾರನೇ ದಿನಕ್ಕೆ ಆ ತುಂಡು ನೀರು ತುಂಬಿ ಊದಿಕೊಂಡಿತ್ತು. ಬ್ಯಾಕ್ಟೀರಿಯಾ ಬಿಡದ ತುಂಡು ಖಾಲಿ. 1953ರಲ್ಲಿ ಇದು ಪ್ರಕಟವಾಯಿತು.

ಮುಂದಿನ ಹೆಜ್ಜೆ ಇನ್ನೂ ಚೆನ್ನಾಗಿದೆ. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಫಿಲ್ಟರ್ ಮಾಡಿ, ಬ್ಯಾಕ್ಟೀರಿಯಾವನ್ನೆಲ್ಲ ತೆಗೆದುಬಿಟ್ಟರು. ಉಳಿದ ದ್ರವ ಮಾತ್ರ ಕರುಳಿಗೆ ಬಿಟ್ಟರು. ಆಗಲೂ ನೀರು ತುಂಬಿತು! ಅಂದರೆ ಕೆಲಸ ಮಾಡ್ತಿರೋದು ಬ್ಯಾಕ್ಟೀರಿಯಾ ಹೊರಗೆ ಬಿಡೋ ವಿಷ. 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು. ಬ್ಯಾಕ್ಟೀರಿಯಾ ರೋಗ ತರೋಕೆ ಬಳಸೋ ಇಂಥ ಆಯುಧಗಳಿಗೆ ಈಗ ವಿರುಲೆನ್ಸ್ ಫ್ಯಾಕ್ಟರ್ ಅಂತಾರೆ. ಭೇದಿ ಆದವರಿಂದ ತೆಗೆದ ಕೆಲವು ಇ. ಕೋಲೈ ಬ್ಯಾಕ್ಟೀರಿಯಾಗಳೂ ಇದೇ ಥರ ಮಾಡುತ್ತವೆ ಅಂತ 1956ರಲ್ಲೇ ದೇ ತೋರಿಸಿದ್ದರು.

ಈ ವಿಷ ಕರುಳಿನ ಗೋಡೆಯನ್ನು ಒಡೆಯೋದಿಲ್ಲ. ಜೀವಕೋಶದೊಳಗೆ ಒಂದು ಸ್ವಿಚ್ ಆನ್ ಮಾಡಿ ಹಾಗೇ ಬಿಟ್ಟುಬಿಡುತ್ತೆ. ಉಪ್ಪಿನಂಶ ಹೊರಗೆ ಹರಿಯುತ್ತೆ, ಅದರ ಹಿಂದೆ ನೀರೂ ಹೋಗುತ್ತೆ. ಗೋಡೆ ಸರಿಯಾಗೇ ಇರೋದರಿಂದ ಸಕ್ಕರೆ, ಉಪ್ಪು ಸೇರಿಸಿದ ನೀರು ಕೊಟ್ಟರೆ ಕರುಳು ಅದನ್ನು ಹೀರಿಕೊಳ್ಳುತ್ತೆ. ನಮ್ಮ ಊರಿನ ಮೆಡಿಕಲ್ ಶಾಪಲ್ಲಿ ಸಿಗೋ ಓಆರ್‌ಎಸ್ ಪ್ಯಾಕೆಟ್ ಕೆಲಸ ಮಾಡೋದು ಹೀಗೆ.

ಇಷ್ಟು ಮಾಡಿದವರಿಗೆ ನಮ್ಮ ದೇಶ ಏನು ಕೊಟ್ಟಿತು? ಒಂದು ದೊಡ್ಡ ಪ್ರಶಸ್ತಿ ಇಲ್ಲ, ಒಂದು ವಿಜ್ಞಾನ ಅಕಾಡೆಮಿಯ ಫೆಲೋಶಿಪ್ ಇಲ್ಲ. ನೊಬೆಲ್ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಇವರ ಹೆಸರನ್ನು ನೊಬೆಲ್‌ಗೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. 1973ರಲ್ಲಿ ದೇ ನಿವೃತ್ತರಾದರು. 1978ರಲ್ಲಿ ಕಾಲರಾ ಬಗ್ಗೆ ನಡೆದ ನೊಬೆಲ್ ಸಿಂಪೋಸಿಯಂಗೆ ಸ್ವೀಡನ್ನಿಂದ ಕರೆ ಬಂತು. 1985ರ ಏಪ್ರಿಲ್ 15ರಂದು ತೀರಿಕೊಂಡರು. ಐದು ವರ್ಷ ಆದಮೇಲೆ, 1990ರಲ್ಲಿ, ನಮ್ಮ ಬೆಂಗಳೂರಿನಿಂದ ಬರೋ ಕರೆಂಟ್ ಸೈನ್ಸ್ ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದಿತು. ಆಗ ಇಲ್ಲಿನ ಎಷ್ಟೋ ವಿಜ್ಞಾನಿಗಳಿಗೆ ಇವರ ಹೆಸರು ಗೊತ್ತಾಯಿತು.

ಲ್ಯಾಬ್‌ನಲ್ಲಿ ದೊಡ್ಡ ಮಷೀನ್ ಇಲ್ಲ ಅಂತ ಪ್ರಾಜೆಕ್ಟ್ ಕೈಬಿಡೋ ಮುಂಚೆ ಈ ಡಾಕ್ಟರನ್ನು ಒಂದು ಸಲ ನೆನೆಸಿಕೊಳ್ಳಿ. ಅವರ ಹತ್ತಿರ ಇದ್ದದ್ದು ಒಂದಿಷ್ಟು ದಾರ, ಒಂದು ಫಿಲ್ಟರ್, ಜೊತೆಗೆ ಎಲ್ಲಿ ನೋಡಬೇಕು ಅನ್ನೋ ಯೋಚನೆ.