ಎಲ್ಲರ ಮನೆಯಲ್ಲೂ ಎಳ್ಳಿದೆ, ಆದರೂ ಬೀರುತ್ತೇವೆ

ಮಕ್ಕಳೇ,

ಇಲ್ಲಿ ಅಮೆರಿಕದಲ್ಲಿ ಡಿಸೆಂಬರ್ ಬಂತೆಂದರೆ ನಿಮ್ಮಲ್ಲಿ ಹಲವರಿಗೆ ಕುಕ್ಕಿ ಹಂಚಿಕೊಳ್ಳುವ ಪಾರ್ಟಿಗೆ ಕರೆ ಬರುತ್ತದೆ. ಒಂದು ಮನೆಯವರು ಶುಂಠಿ ಕುಕ್ಕಿ, ಇನ್ನೊಂದು ಮನೆಯವರು ಬೆಣ್ಣೆ ಕುಕ್ಕಿ, ಮತ್ತೊಬ್ಬರು ಚಾಕೊಲೇಟ್ ಹಾಕಿದ್ದು, ಹೀಗೆ ಡಜನ್‌ಗಟ್ಟಲೆ ಮಾಡಿ ತಂದು ಮೇಜಿನ ಮೇಲೆ ಜೋಡಿಸುತ್ತಾರೆ. ಎಲ್ಲರೂ ಎಲ್ಲದರಲ್ಲೂ ಒಂದಿಷ್ಟು ಆರಿಸಿ ಡಬ್ಬಿ ತುಂಬಿಕೊಳ್ಳುತ್ತಾರೆ. ಒಂದೇ ಬಗೆ ಮಾಡಿದವರ ಮನೆಗೆ ಹತ್ತು ಬಗೆ ಬರುತ್ತದೆ. ಎಷ್ಟು ಒಳ್ಳೆಯ ಪದ್ಧತಿ!

ಅದಾದ ಮೂರು ವಾರಕ್ಕೆ, ಜನವರಿ 14ಕ್ಕೋ 15ಕ್ಕೋ, ನಮ್ಮ ಸಂಕ್ರಾಂತಿ ಬರುತ್ತದೆ. ಅವತ್ತು ಹಳೇ ಮೈಸೂರು ಸೀಮೆಯ ಊರೂರಿನಲ್ಲೂ ಇಂಥದೇ ಒಂದು ಕೊಡು-ಕೊಳ್ಳುವಿಕೆ ನಡೆಯುತ್ತದೆ. ಅದಕ್ಕೆ ಎಳ್ಳು ಬೀರುವುದು ಅನ್ನುತ್ತೇವೆ. ನಾನು ಬೆಳೆದದ್ದು ತುಮಕೂರಿನ ಅಂಚಿನಲ್ಲಿರುವ ಸತ್ಯಮಂಗಲದಲ್ಲಿ. ನಮ್ಮ ಕಡೆ ಎಳ್ಳು ಹೇಗೆ ತಯಾರಾಗುತ್ತದೆ, ಹೇಗೆ ಬೀರುತ್ತಾರೆ ಅನ್ನುವುದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಮೊದಲು ಸಾಮಾನು. ಎಳ್ಳು ಅಂತ ಒಂದೇ ಹೆಸರಿದ್ದರೂ ತಟ್ಟೆಯಲ್ಲಿರುವುದು ಐದು ಪದಾರ್ಥ: ಬಿಳಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಇವುಗಳಲ್ಲಿ ಎರಡಕ್ಕೆ ನಮ್ಮ ಜಿಲ್ಲೆಯೇ ತವರು. ಪಾವಗಡ, ಶಿರಾ, ಮಧುಗಿರಿಯ ಮಳೆ ಕಡಿಮೆಯ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತಾರೆ. ತಿಪಟೂರು, ಗುಬ್ಬಿ, ತುರುವೇಕೆರೆಯ ಕಡೆ ತೆಂಗು. ತುಮಕೂರನ್ನು ಕಲ್ಪತರು ನಾಡು ಎಂದು ಕರೆಯುವುದು ಈ ತೆಂಗಿನಿಂದಲೇ. ತಿಪಟೂರಿನ ಮಾರುಕಟ್ಟೆಯ ಉಂಡೆ ಕೊಬ್ಬರಿ ದೇಶದ ಮೂಲೆ ಮೂಲೆಗೆ ಹೋಗುತ್ತದೆ. ಕೊಬ್ಬರಿ ಆಗಬೇಕಾದರೆ ಸಿಪ್ಪೆ ಸುಲಿಯದ ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಸದ್ದು ಬರುತ್ತದೆ. ಅಂದರೆ ಈ ಸಂಕ್ರಾಂತಿಯ ಕೊಬ್ಬರಿ, ಹೋದ ಸಂಕ್ರಾಂತಿಯ ಹೊತ್ತಿಗೆ ಮರದಿಂದ ಇಳಿದ ಕಾಯಿ!

ಹಬ್ಬಕ್ಕೆ ಒಂದು ವಾರ ಇರುವಾಗಲೇ ಕೆಲಸ ಶುರು. ಕಡಲೆಕಾಯಿ ಬೀಜ ಹುರಿದು, ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಬೇಕು. ಕೊಬ್ಬರಿಯ ಮೇಲಿನ ಕಂದು ಸಿಪ್ಪೆ ಹೆರೆದು, ತೆಳ್ಳಗೆ ಸೀಳಿ, ಸಣ್ಣ ಸಣ್ಣ ಚೂರು ಮಾಡಬೇಕು. ಅಚ್ಚು ಬೆಲ್ಲವನ್ನು ಅಡಕತ್ತರಿಯಲ್ಲಿ ಕಡಲೆ ಗಾತ್ರಕ್ಕೆ ಕತ್ತರಿಸಬೇಕು. ಬೆಲ್ಲವನ್ನು ಕುಟ್ಟಿದರೆ ಪುಡಿಯಾಗಿ ಎಲ್ಲಕ್ಕೂ ಅಂಟಿಕೊಳ್ಳುತ್ತದೆ, ಅದಕ್ಕೇ ಅಷ್ಟು ತಾಳ್ಮೆ. ಕೊಬ್ಬರಿ, ಬೆಲ್ಲ ಎರಡನ್ನೂ ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಕಾಗೆ ಬಾರದಂತೆ ಕಾಯುವ ಕೆಲಸ ಮಕ್ಕಳದು. ಕಾಯುವವರ ಬಾಯಿಗೆ ಎಷ್ಟು ಹೋಯಿತು ಅಂತ ಯಾರೂ ಕೇಳುವುದಿಲ್ಲ. ಎಳ್ಳನ್ನು ಕೊನೆಯಲ್ಲಿ ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಎಲ್ಲ ಆರಿದ ಮೇಲೆ ಬೆರೆಸುತ್ತಾರೆ. ಮೇಲೆ ಒಂದಿಷ್ಟು ಬಣ್ಣದ ಜೀರಿಗೆ ಪೆಪ್ಪರಮೆಂಟು.

ಸಕ್ಕರೆ ಅಚ್ಚು ಇನ್ನೊಂದು ಸಂಭ್ರಮ. ಗಿಳಿ, ನವಿಲು, ಆನೆ, ಮೀನು, ಗೋಪುರ, ತುಳಸಿಕಟ್ಟೆ, ಇವೆಲ್ಲ ಕೆತ್ತಿದ ಮರದ ಅಚ್ಚುಗಳು ಹಳೆಯ ಮನೆಗಳಲ್ಲಿ ತಲೆಮಾರುಗಳಿಂದ ಇರುತ್ತವೆ. ಅವನ್ನು ನೀರಿನಲ್ಲಿ ನೆನೆಸಿಟ್ಟು, ಎರಡು ಹೋಳನ್ನು ಸೇರಿಸಿ ಬಿಗಿಯಾಗಿ ಕಟ್ಟುತ್ತಾರೆ. ಸಕ್ಕರೆ ಪಾಕಕ್ಕೆ ಚೂರು ಹಾಲು ಹಾಕಿದರೆ ಕಸವೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಪಾಕವನ್ನು ತಿರುವಿ, ಬೆಳ್ಳಗಾಗುತ್ತಿದ್ದಂತೆ ಅಚ್ಚಿಗೆ ಸುರಿಯಬೇಕು. ಒಂದು ಗಳಿಗೆ ತಡವಾದರೂ ಪಾಕ ಪಾತ್ರೆಯಲ್ಲೇ ಗಟ್ಟಿ. ಕೆಲವೇ ನಿಮಿಷದಲ್ಲಿ ಅಚ್ಚು ಬಿಚ್ಚಿದರೆ ಬಿಳಿಯ ಗಿಳಿ ಹೊರಗೆ ಬರುತ್ತದೆ.

ಹಬ್ಬದ ದಿನ ಬೆಳಿಗ್ಗೆ ಪೊಂಗಲ್, ಬೇಯಿಸಿದ ಅವರೆಕಾಯಿ, ಗೆಣಸು. ಸಂಜೆ ದನಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿ, ಹುಲ್ಲಿನ ಬೆಂಕಿಯನ್ನು ದಾಟಿಸುತ್ತಾರೆ, ಇದೇ ಕಿಚ್ಚು ಹಾಯಿಸುವುದು. ಪುಟ್ಟ ಮಕ್ಕಳನ್ನು ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಸೇರಿಸಿ ತಲೆಯ ಮೇಲೆ ಎರೆಯುತ್ತಾರೆ. ಆರತಿ ಎತ್ತಿದ್ದೇ ತಡ, ಕಾಸಿಗೆ ಅಣ್ಣ ಅಕ್ಕಂದಿರೆಲ್ಲ ಮುಗಿಬೀಳುತ್ತಾರೆ.

ಆಮೇಲೆ ಎಳ್ಳು ಬೀರುವ ಹೊತ್ತು. ಹೆಣ್ಣುಮಕ್ಕಳು ರೇಷ್ಮೆ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಬೀದಿಯ ಮನೆಮನೆಗೂ ಹೋಗುತ್ತಾರೆ. ಬಾಗಿಲಲ್ಲಿ ನಿಂತು ‘ಅತ್ತೆ, ಎಳ್ಳು ತಗೊಳ್ಳಿ’ ಅಂದರೆ ಆ ಮನೆಯವರು ಒಳಗೆ ಕರೆದು, ಕುಂಕುಮ ಕೊಟ್ಟು, ತಮ್ಮ ಮನೆಯ ಎಳ್ಳನ್ನು ಕೊಡುತ್ತಾರೆ. ತಟ್ಟೆಯನ್ನು ಬರಿದಾಗಿ ಹಿಂದೆ ಕಳಿಸುವುದಿಲ್ಲ. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಅನ್ನುವುದು ಅವತ್ತಿನ ಮಾತು.

ಇಲ್ಲಿ ಜಾಣ ಮಗು ಒಂದು ಪ್ರಶ್ನೆ ಕೇಳಬಹುದು. ಕುಕ್ಕಿ ಪಾರ್ಟಿಯಲ್ಲಾದರೆ ಒಂದು ಕೊಟ್ಟು ಬೇರೆ ಹತ್ತು ಪಡೆಯುತ್ತೇವೆ. ಎಳ್ಳಿನಲ್ಲಿ ಕೊಡುವುದೂ ಅದೇ, ತರುವುದೂ ಅದೇ. ಅವರವರ ಮನೆಯ ಎಳ್ಳು ಅವರವರೇ ತಿಂದರೆ ಆಗುವುದಿಲ್ಲವೇ?

ಆಗುವುದಿಲ್ಲ. ತಿನ್ನುವುದಷ್ಟೇ ಮುಖ್ಯವಾಗಿದ್ದರೆ ಯಾರೂ ಹೊರಗೆ ಕಾಲಿಡುತ್ತಿರಲಿಲ್ಲ. ಎಳ್ಳಿನ ನೆಪದಲ್ಲಿ ಒಂದೇ ಸಂಜೆಯಲ್ಲಿ ಬೀದಿಯ ಎಲ್ಲ ಬಾಗಿಲೂ ತೆರೆಯುತ್ತವೆ. ಮಾತು ಬಿಟ್ಟ ಎರಡು ಮನೆಗಳಿದ್ದರೂ ಮಗು ಎಳ್ಳು ಹಿಡಿದು ಬಂದರೆ ‘ಬೇಡ’ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಸತ್ಯಮಂಗಲದಲ್ಲಿ ಈಗ ಕೈಗಾರಿಕಾ ಪ್ರದೇಶವಿದೆ. ಕೆಲಸಕ್ಕೆಂದು ಬೇರೆ ಊರು, ಬೇರೆ ಭಾಷೆಯವರು ಬಂದು ಬಾಡಿಗೆಗೆ ಇರುತ್ತಾರೆ. ಅಂಥವರ ಮನೆಯಲ್ಲಿ ಎಳ್ಳು ಮಾಡಿರುವುದಿಲ್ಲ. ಅಲ್ಲಿಗೂ ಹೋಗಬೇಕು. ಅವರು ತಟ್ಟೆಗೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರೂ ಲೆಕ್ಕ ಸರಿಹೋಯಿತು. ಊರಿಗೆ ಬಂದವರು ಊರಿನವರಾಗುವುದು ಹೀಗೆಯೇ ಎಂದು ನಾನು ನಂಬಿದ್ದೇನೆ.

ಕ್ರಿಸ್ಮಸ್‌ಗೂ ಇಂಥ ತಟ್ಟೆ ನಮ್ಮ ನಾಡಿನಲ್ಲಿ ಓಡಾಡುತ್ತದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್‌ನಲ್ಲಿ ಕುಸ್ವಾರ್ ಮಾಡುತ್ತಾರೆ. ಅದೊಂದು ತಿಂಡಿಯಲ್ಲ, ತಿಂಡಿಗಳ ಗುಂಪು: ಕರ್ಜಿಕಾಯಿಯಂಥ ನೆವ್ರಿ, ಸುರುಳಿ ಸುತ್ತಿದ ಕಿಡಿಯೊ, ಹೂವಿನಂತೆ ಅರಳಿದ ಕೊಕಿಸಾಂ. ನೆವ್ರಿಯ ಹೂರಣಕ್ಕೆ ಎಳ್ಳನ್ನೂ ಹಾಕುತ್ತಾರೆ. ತಟ್ಟೆ ತುಂಬಿ, ಜಾತಿ ಮತ ನೋಡದೆ ನೆರೆಹೊರೆಗೆಲ್ಲ ಕಳಿಸುತ್ತಾರೆ. ನಮ್ಮ ಜಿಲ್ಲೆಗೂ ಕ್ರಿಸ್ಮಸ್ ಹೊಸದಲ್ಲ. 1839ರಲ್ಲಿ ಭಾರತಕ್ಕೆ ಬಂದ ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಪಾದ್ರಿ ಗುಬ್ಬಿಯಲ್ಲಿದ್ದು ಕನ್ನಡ ಕಲಿತರು.

ಈಗ ನಿಮ್ಮ ಕೆಲಸ. ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಒಂದೊಂದು ಬಟ್ಟಲು, ಬಿಳಿ ಎಳ್ಳು ಅರ್ಧ ಬಟ್ಟಲು ಸಾಕು. ಹುರಿಯುವುದು, ಬೆಲ್ಲ ಕತ್ತರಿಸುವುದು ದೊಡ್ಡವರಿಗಿರಲಿ. ಸಿಪ್ಪೆ ಹಾರಿಸುವುದು, ಬೆರೆಸುವುದು, ಪೊಟ್ಟಣ ಕಟ್ಟುವುದು ನಿಮಗೆ. ಬಿಸಿಲಿಲ್ಲದ ಊರಾದರೆ ಕೊಬ್ಬರಿ ಚೂರನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಒಂದು ಎಚ್ಚರಿಕೆ: ಕಡಲೆಕಾಯಿ ಬೀಜ, ಎಳ್ಳು ಎರಡೂ ಕೆಲವರ ಮೈಗೆ ಒಗ್ಗುವುದಿಲ್ಲ, ಅಲರ್ಜಿ ಜೋರಾಗಿಯೇ ಬರುತ್ತದೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ತಿನಿಸಿನ ಪೊಟ್ಟಣದ ಮೇಲೆ ಎಳ್ಳನ್ನೂ ಅಲರ್ಜಿ ಪದಾರ್ಥವೆಂದು ನಮೂದಿಸುವುದು ಕಡ್ಡಾಯವಾಗಿದೆ. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆಯಿರಿ, ಕೊಡುವ ಮೊದಲು ಕೇಳಿ. ಒಗ್ಗದವರಿಗೆ ಸಕ್ಕರೆ ಅಚ್ಚನ್ನು ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಊರಿನಲ್ಲಿ ಹಿಂದೆ ಹೆಣ್ಣುಮಕ್ಕಳೇ ಹೆಚ್ಚಾಗಿ ಬೀರುತ್ತಿದ್ದರು. ಇಲ್ಲಿ ಹುಡುಗರೂ ತಟ್ಟೆ ಹಿಡಿಯಲಿ.

ಈ ಸಲ ನಮ್ಮ ಕನ್ನಡ ಕೂಟದ ಸಂಕ್ರಾಂತಿಗೆ ಬರುವಾಗ ನಿಮ್ಮ ಮನೆಯ ಎಳ್ಳು ತನ್ನಿ, ನಾವೂ ತರುತ್ತೇವೆ. ಆದರೆ ಒಂದು ಪೊಟ್ಟಣ ಮನೆಯಲ್ಲೇ ಎತ್ತಿಡಿ. ಅದು ನಿಮ್ಮ ಬೀದಿಯಲ್ಲಿ ನಿಮಗಿನ್ನೂ ಹೆಸರು ಗೊತ್ತಿಲ್ಲದ ಮನೆಯವರಿಗೆ. ಅಮ್ಮನನ್ನೋ ಅಪ್ಪನನ್ನೋ ಕರೆದುಕೊಂಡು ಹೋಗಿ, ಕೊಟ್ಟು, ಅವರ ಹೆಸರು ಕೇಳಿಕೊಂಡು ಬನ್ನಿ.