ಕೂನೂರಿನ ಪ್ರಯೋಗಾಲಯದಲ್ಲಿದ್ದ ಕಮಲಾ ಸೊಹೊನಿ



ಕಳೆದ ತಿಂಗಳ ಸಭೆ ಮುಗಿದ ಮೇಲೆ ನಮ್ಮ ಸದಸ್ಯರೊಬ್ಬರು ಒಂದು ವಿಷಯ ಕೇಳಿದರು. ಅವರ ಮಗಳು ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿದ್ದಾಳೆ. ಆಹಾರ ಪದಾರ್ಥಗಳನ್ನು ಉಪಕರಣಗಳಿಂದ ಪರೀಕ್ಷಿಸುವ ವಿದ್ಯೆ ಕಲಿಯಬೇಕೆಂಬುದು ಅವಳ ಆಸೆ. ಲ್ಯಾಬಿನಲ್ಲಿ ಹೊತ್ತು ಮೀರಿ ಕೆಲಸವಿರುತ್ತದೆ, ಹೆಣ್ಣುಮಗುವಿಗೆ ಇದೆಲ್ಲ ಬೇಕೇ ಎಂಬುದು ಮನೆಯ ಹಿರಿಯರ ಅನುಮಾನ. ಕಡತಗಳ ನಡುವೆ ಕಾಲ ಕಳೆದ ನಮಗೆ ಆಗ ಉತ್ತರ ಹೊಳೆಯಲಿಲ್ಲ. ಆದ್ದರಿಂದ ಈ ಸಲ ಡಾ. ಕಮಲಾ ಸೊಹೊನಿಯವರ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಮರಾಠಿ ಮನೆತನ. ತಂದೆಯೂ ಚಿಕ್ಕಪ್ಪನೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಕಮಲಾ 1933ರಲ್ಲಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಅಂಕಗಳಿಗೆ ಕೊರತೆ ಇರಲಿಲ್ಲ. ಆದರೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಮಲಾ ಗಾಂಧೀಜಿಯ ದಾರಿ ಹಿಡಿದರು. ಕಾರಣ ಕೇಳುತ್ತಾ ಪಟ್ಟು ಬಿಡದೆ ನಿಂತರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಮೊದಲ ವರ್ಷ ಪರೀಕ್ಷಾರ್ಥ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ, ಗಂಡುಮಕ್ಕಳ ಗಮನ ಕೆಡಿಸಬಾರದು. ಅವಮಾನ ನುಂಗಿಕೊಂಡು ಒಪ್ಪಿದರು.

ಅಲ್ಲಿ ಅವರಿಗೆ ಸಿಕ್ಕ ಗುರು ಶ್ರೀನಿವಾಸಯ್ಯನವರು. ಬಹಳ ಕಟ್ಟುನಿಟ್ಟು, ಅಷ್ಟೇ ಪ್ರೀತಿ. ಅವರ ಕೈಕೆಳಗೆ ಹಾಲು, ಬೇಳೆಕಾಳುಗಳಲ್ಲಿನ ಪ್ರೋಟೀನುಗಳನ್ನು ಬೇರ್ಪಡಿಸಿ ಅಧ್ಯಯನ ಮಾಡಿದರು. 1936ರಲ್ಲಿ ಎಂ.ಎಸ್ಸಿ. ಪದವಿ ಬಂತು. ವರ್ಷದ ಕೊನೆಯಲ್ಲಿ ರಾಮನ್ ಅವರಿಗೂ ಮನವರಿಕೆಯಾಗಿತ್ತು. ಆಮೇಲೆ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು.

ಮುಂದೆ ಕೇಂಬ್ರಿಜ್. ಅಲ್ಲಿ ರಾಬಿನ್ ಹಿಲ್ ಅವರೊಡನೆ ಸಸ್ಯಗಳ ಮೇಲೆ ಕೆಲಸ. ಆಲೂಗೆಡ್ಡೆಯ ಮೇಲೆ ಪ್ರಯೋಗ ನಡೆಸುತ್ತಾ, ಜೀವಕೋಶ ಉಸಿರಾಡಲು ಬೇಕಾದ ಸೈಟೋಕ್ರೋಮ್ ಸಿ ಎಂಬ ಬಣ್ಣದ ಪ್ರೋಟೀನು ಸಸ್ಯಗಳಲ್ಲೂ ಇದೆ ಎಂದು ತೋರಿಸಿದರು. ಇಂಥ ಪದಾರ್ಥವನ್ನು ಗುರುತಿಸುವುದು ಬೆಳಕಿನಿಂದ. ದ್ರಾವಣದ ಮೂಲಕ ಬೆಳಕು ಹಾಯಿಸಿ, ಆಚೆ ಬಂದದ್ದನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ ಅಲ್ಲಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಸೈಟೋಕ್ರೋಮ್ ಸಿಯ ಮುಖ್ಯ ಪಟ್ಟಿ ಬೀಳುವುದು ಹಸಿರು ಭಾಗದಲ್ಲಿ, 550 ನ್ಯಾನೋಮೀಟರ್ ಹತ್ತಿರ. ಇಂದಿನ ಲ್ಯಾಬುಗಳ ಸ್ಪೆಕ್ಟ್ರೋಫೋಟೋಮೀಟರ್ ಕೂಡ ಇದೇ ತತ್ವದ್ದು. ಎಷ್ಟು ಬೆಳಕು ಹೀರಲ್ಪಟ್ಟಿತು ಎಂದು ಅಳೆದು, ಪದಾರ್ಥ ಎಷ್ಟಿದೆ ಎಂದು ಹೇಳುತ್ತದೆ. ಅರಿಸಿನ ಪುಡಿಯಲ್ಲಿ ಸೀಸ ಇದೆಯೇ ಎಂದು ನೋಡುವ ಯಂತ್ರವೂ ಬೆಳಕನ್ನೇ ನಂಬಿದೆ. ಕಮಲಾ ಅವರ ಪ್ರಬಂಧ ಸುಮಾರು 40 ಪುಟದ್ದು. 1939ರಲ್ಲಿ ಅದಕ್ಕೆ ಪಿಎಚ್.ಡಿ. ದೊರೆಯಿತು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವರ ಹೆಸರಿದೆ.

ಹೊರದೇಶದಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಸ್ವಲ್ಪ ಕಾಲ ಇದ್ದು, ನಂತರ ಕೂನೂರಿನ ಪೌಷ್ಟಿಕ ಆಹಾರ ಸಂಶೋಧನಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಬಂದರು. ನಮ್ಮ ಕಾರಮಡೈ ನಿಲ್ದಾಣ ದಾಟಿ, ಮೇಟುಪಾಳ್ಯದಲ್ಲಿ ಬೆಟ್ಟದ ರೈಲು ಹತ್ತಿದರೆ ಸಿಗುವ ಅದೇ ಕೂನೂರು! ಭಾರತದ ಆಹಾರಗಳಲ್ಲಿ ಏನೇನು ಸತ್ವ ಎಷ್ಟೆಷ್ಟಿದೆ ಎಂಬ ಪಟ್ಟಿಯನ್ನು 1937ರಲ್ಲಿ ಸಿದ್ಧಪಡಿಸಿದ್ದು ಈ ಸಂಶೋಧನಾಲಯವೇ. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು. ನಮ್ಮ ಸೆರಗಿನಲ್ಲೇ ಇಂಥ ಕೆಲಸ ನಡೆದಿತ್ತೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1947ರಲ್ಲಿ ಎಂ.ವಿ. ಸೊಹೊನಿಯವರನ್ನು ಮದುವೆಯಾಗಿ ಮುಂಬಯಿಗೆ ಹೋದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾದರು. ತಮ್ಮ ವಿದ್ಯಾರ್ಥಿಗಳೊಂದಿಗೆ ಬಡವರ ಊಟವನ್ನೇ ಪರೀಕ್ಷೆಗೆ ಇಟ್ಟರು. ನಮ್ಮ ಅವರೆಕಾಳಿನಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ಪ್ರಕಟಿಸಿದ ತಂಡ ಅವರದು. ಕಾಳನ್ನು ಚೆನ್ನಾಗಿ ಬೇಯಿಸಬೇಕೆಂದು ಅಜ್ಜಿಯರು ಹೇಳುತ್ತಿದ್ದುದಕ್ಕೆ ಇದೂ ಒಂದು ಕಾರಣ. ಬೇಯಿಸಿದರೆ ಇಂಥ ತಡೆ ಬಹುಮಟ್ಟಿಗೆ ಕುಗ್ಗುತ್ತದೆ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸೂಚನೆಯಂತೆ ನೀರಾವನ್ನೂ ಪರೀಕ್ಷಿಸಿದರು. ಅದರಲ್ಲಿ ಸಿ ಜೀವಸತ್ವ, ಕಬ್ಬಿಣದ ಅಂಶ ಇವೆಯೆಂದು ಕಂಡುಕೊಂಡರು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಸಂಸ್ಥೆಯ ನಿರ್ದೇಶಕಿಯ ಹುದ್ದೆ ಅವರಿಗೆ ಸಿಕ್ಕಿದ್ದು ತಡವಾಗಿ. ನಿವೃತ್ತಿಯ ನಂತರವೂ ಸುಮ್ಮನೆ ಕೂರಲಿಲ್ಲ. ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾದಲ್ಲಿ ದುಡಿದು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಅದರ ಪತ್ರಿಕೆಗೆ ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆದರು. 1998ರಲ್ಲಿ ತೀರಿಕೊಂಡರು.

ನಮ್ಮ ಸದಸ್ಯರಿಗೆ ನಮ್ಮ ಉತ್ತರ ಇಷ್ಟೇ. ರಾತ್ರಿ ಕೆಲಸ ಮಾಡಬೇಕೆಂಬ ಷರತ್ತಿಗೆ 1933ರಲ್ಲೇ ಒಬ್ಬ ಹುಡುಗಿ ಒಪ್ಪಿ, ಗೆದ್ದು ತೋರಿಸಿದ್ದಾರೆ. ಈಗ ನಿಮ್ಮ ಮಗಳಿಗೆ ಬಾಗಿಲು ತೆರೆದೇ ಇದೆ. ಮನೆಯವರು ಅದನ್ನು ಮುಚ್ಚಬಾರದು. ಮುಂದಿನ ಸಭೆಗೆ ಅವಳನ್ನೂ ಕರೆತನ್ನಿ. ಸತ್ಯಮಂಗಲ, ತಾಳವಾಡಿ, ಚಾಮರಾಜನಗರದ ಕಡೆಯಿಂದ ಬರುವ ಸದಸ್ಯರೂ ಓದುವ ಮಕ್ಕಳೊಂದಿಗೆ ಬರಬೇಕೆಂದು ವಿನಂತಿ.

— ಕಾರ್ಯದರ್ಶಿ